ಓದುಗರ ಪ್ರಶ್ನೆ, ನಮ್ಮ ಉತ್ತರ: ಪ್ರಚಾರಕ್ಕೆ ತಡೆಯಿರುವ ದೇಶಗಳಲ್ಲಿ ಕ್ರೈಸ್ತ ಸೇವೆ

ಧರ್ಮಪ್ರಚಾರಕ್ಕೆ ಕಾನೂನಿನ ತಡೆ ಇರುವ ದೇಶಗಳಿಗೆ ಸೇವೆಗಾಗಿಯೋ ದುಡಿಮೆಗಾಗಿಯೋ ಹೋಗುವವರು ಏನು ತಿಳಿದಿರಬೇಕು ಎಂದು ಕೊಡಗಿನ ಓದುಗರು ಕೇಳುತ್ತಲೇ ಇದ್ದಾರೆ. ಬಂದ ಪತ್ರಗಳಲ್ಲಿ ಏಳನ್ನು ಆರಿಸಿಕೊಂಡಿದ್ದೇವೆ. ಉತ್ತರ ಬರೆದವರು ನೇಪಾಳಕ್ಕೂ ಕೊಲ್ಲಿ ದೇಶಗಳಿಗೂ ಹೊರಡುವವರಿಗೆ ತಯಾರಿ ತರಗತಿ ನಡೆಸುವವರು. ಹೆಸರು ಹಾಕಬೇಡಿ ಎಂದು ಹಲವರು ಕೇಳಿಕೊಂಡಿರುವುದರಿಂದ ಎಲ್ಲರದ್ದೂ ಊರನ್ನಷ್ಟೇ ಕೊಟ್ಟಿದ್ದೇವೆ.

ಪ್ರಶ್ನೆ: ನಮ್ಮ ಚರ್ಚ್ ಸಭೆಯ ಯುವಕ ಯುವತಿಯರು ಹನ್ನೆರಡು ಮಂದಿ ದಸರಾ ರಜೆಯಲ್ಲಿ ಹತ್ತು ದಿನ ನೇಪಾಳಕ್ಕೆ ಹೊರಟಿದ್ದೇವೆ. ಗೋರಖ್‌ಪುರದವರೆಗೆ ರೈಲು, ಅಲ್ಲಿಂದ ಸುನೌಲಿ ಗಡಿ ದಾಟಿ ಪಾಲ್ಪಾ ಕಡೆಯ ಹಳ್ಳಿಗಳು. ನಮ್ಮಲ್ಲಿ ಒಬ್ಬ ಡಾಕ್ಟರು, ಇಬ್ಬರು ನರ್ಸ್‌ಗಳಿದ್ದಾರೆ. ವೈದ್ಯಕೀಯ ಶಿಬಿರ, ಶಾಲೆಯಲ್ಲಿ ಮಕ್ಕಳ ಕಾರ್ಯಕ್ರಮ, ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯ 500 ನೇಪಾಳಿ ಪ್ರತಿ ಹಂಚುವುದು ಎಂದು ಯೋಜನೆ. ಏನೇನು ಎಚ್ಚರ ವಹಿಸಬೇಕು? — ವಿರಾಜಪೇಟೆ

ಉತ್ತರ: ಹೊಸ ಒಡಂಬಡಿಕೆಯ ಪೆಟ್ಟಿಗೆಗಳನ್ನು ಊರಲ್ಲೇ ಬಿಡಿ, ಶಾಲೆಯ ಕಾರ್ಯಕ್ರಮವನ್ನು ಕೈಬಿಡಿ, ಹೋಗುವ ತಿಂಗಳನ್ನು ಬದಲಿಸಿ. ಕಾರಣ ಒಂದೊಂದಾಗಿ ಹೇಳುತ್ತೇವೆ.

ನೇಪಾಳದಲ್ಲಿ ಕ್ರೈಸ್ತರಾಗಿರುವುದು ಅಪರಾಧವಲ್ಲ. 2021ರ ಜನಗಣತಿಯಲ್ಲಿ 5,12,313 ಮಂದಿ, ಅಂದರೆ ಜನಸಂಖ್ಯೆಯ ಶೇ. 1.76ರಷ್ಟು ಜನ, ತಾವು ಕ್ರೈಸ್ತರೆಂದು ಬರೆಸಿದ್ದಾರೆ. ಸಭೆಗಳು ಬಾಗಿಲು ತೆರೆದೇ ಆರಾಧನೆ ನಡೆಸುತ್ತವೆ. ತಡೆ ಇರುವುದು ಇನ್ನೊಬ್ಬರನ್ನು ಮತಾಂತರಿಸುವುದಕ್ಕೆ. 2015ರ ಸಂವಿಧಾನದ 26ನೇ ವಿಧಿಯ 3ನೇ ಉಪವಿಧಿ ಅದನ್ನು ನಿಷೇಧಿಸಿದೆ. 2018ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ದಂಡಸಂಹಿತೆಯ 158ನೇ ಕಲಂ ಶಿಕ್ಷೆ ಹೇಳುತ್ತದೆ: 5 ವರ್ಷದವರೆಗೆ ಜೈಲು, 50,000 ನೇಪಾಳಿ ರೂಪಾಯಿವರೆಗೆ ದಂಡ. ಮತಾಂತರಿಸಿದವರಷ್ಟೇ ಅಲ್ಲ, ಯತ್ನಿಸಿದವರು, ಅದಕ್ಕೆ ಕುಮ್ಮಕ್ಕು ಕೊಟ್ಟವರು ಕೂಡ ಅದೇ ಕಲಮಿನಡಿ ಬರುತ್ತಾರೆ. ವಿದೇಶಿಯಾದರೆ ಶಿಕ್ಷೆ ಮುಗಿದ 7 ದಿನದೊಳಗೆ ಗಡೀಪಾರು. ಭಾರತೀಯರಿಗೆ ವೀಸಾ ಬೇಡ ಎಂಬ ಸಲುಗೆ ಈ ಕಲಮಿನ ಮುಂದೆ ನಡೆಯುವುದಿಲ್ಲ.

ಮಕ್ಕಳ ಕಾರ್ಯಕ್ರಮ ಏಕೆ ಬೇಡ ಎಂಬುದಕ್ಕೆ ದೋಲಖಾ ಜಿಲ್ಲೆಯ ಚರಿಕೋಟ್ ಪ್ರಕರಣ ನೋಡಿ. 2015ರ ಭೂಕಂಪದಿಂದ ನಲುಗಿದ ಮಕ್ಕಳಿಗೆ ಧೈರ್ಯ ತುಂಬುವ ಕಾರ್ಯಕ್ರಮವೊಂದು ಶಾಲೆಯಲ್ಲಿ ನಡೆಯಿತು. ಅಲ್ಲಿ ಯೇಸುವಿನ ಕಥೆಯ ಚಿತ್ರಪುಸ್ತಕ ಹಂಚಿದರೆಂದು 2016ರ ಜೂನ್‌ನಲ್ಲಿ ಎಂಟು ಮಂದಿಯನ್ನು ಬಂಧಿಸಿದರು. ಡಿಸೆಂಬರಿನಲ್ಲಿ ನ್ಯಾಯಾಲಯ ಎಲ್ಲರನ್ನೂ ಖುಲಾಸೆ ಮಾಡಿತೇನೋ ನಿಜ. ಆದರೆ ಅಷ್ಟು ತಿಂಗಳು ಠಾಣೆ, ಕೋರ್ಟು ಅಲೆದವರು ಅದೇ ಊರಲ್ಲಿ ಬದುಕಬೇಕಾದವರು. ಅದಾದದ್ದು ಈಗಿನ ದಂಡಸಂಹಿತೆ ಬರುವ ಮೊದಲು. ಈಗ ಕೈಗೆ ಸಿಕ್ಕ ಒಂದು ಪುಸ್ತಕವೇ ದೂರಿಗೆ ಸಾಕು. ನೀವು ಹತ್ತನೇ ದಿನ ಬಸ್ಸು ಹತ್ತುತ್ತೀರಿ. ಹನ್ನೊಂದನೇ ದಿನ ಪೊಲೀಸರು ಬಾಗಿಲು ತಟ್ಟುವುದು ನಿಮಗೆ ಊಟ ಹಾಕಿದ ಮನೆಯದ್ದು. ಅದಲ್ಲದೆ, ನೇಪಾಳಿ ಬೈಬಲ್ ಕಾಠ್ಮಂಡುವಿನಲ್ಲೇ ಸಿಗುತ್ತದೆ. ಸ್ಥಳೀಯ ಸಭೆಗೆ ಬೇಕಾದಷ್ಟನ್ನು ಅವರೇ ಕೊಳ್ಳಲಿ. ಗಡಿಯಲ್ಲಿ ಒಂದೇ ಪುಸ್ತಕದ 500 ಪ್ರತಿ ಕಂಡರೆ ಕಸ್ಟಮ್ಸ್‌ನವರು ಕೇಳುವ ಮೊದಲ ಪ್ರಶ್ನೆಗೇ ನಿಮ್ಮಲ್ಲಿ ಉತ್ತರವಿರದು.

ವೈದ್ಯಕೀಯ ಶಿಬಿರದ ವಿಷಯ. ಹೊರದೇಶದ ವೈದ್ಯರು ಅಲ್ಲಿ ರೋಗಿಯನ್ನು ಮುಟ್ಟಬೇಕಾದರೆ ನೇಪಾಳ ಮೆಡಿಕಲ್ ಕೌನ್ಸಿಲ್‌ನ ತಾತ್ಕಾಲಿಕ ನೋಂದಣಿ ಬೇಕು. ನರ್ಸ್‌ಗಳಿಗೂ, ಕೊಂಡೊಯ್ಯುವ ಔಷಧಿಗೂ ಬೇರೆ ಬೇರೆ ಅನುಮತಿ. ಇವನ್ನೆಲ್ಲ ಮಾಡಿಸಿಕೊಡಬಲ್ಲದ್ದು ಅಲ್ಲೇ ನೋಂದಣಿಯಾದ ಆಸ್ಪತ್ರೆಯಂಥ ಸಂಸ್ಥೆ. ಡಾಕ್ಟರು ಅಂಥ ಆಸ್ಪತ್ರೆಗೆ ತಿಂಗಳುಗಳ ಮೊದಲೇ ಬರೆದು, ಅವರು ಕರೆದರೆ, ಅವರು ಹೇಳಿದ ವಿಭಾಗದಲ್ಲಿ ಕೆಲಸ ಮಾಡಲಿ. ಬಂದ ರೋಗಿಗಳನ್ನು ಕೂರಿಸಿ ಪ್ರಸಂಗ (ಧರ್ಮಬೋಧನೆ) ಮಾಡಿ ಆಮೇಲೆ ಮಾತ್ರೆ ಕೊಡುವ ಕ್ರಮ ನಮ್ಮಲ್ಲಿ ಕೆಲವೆಡೆ ಇದೆ. ಅಲ್ಲಿ ಅದು ಆಮಿಷಕ್ಕೆ ನೇರ ಸಾಕ್ಷಿ. ಕಾನೂನು ಇರಲಿ ಬಿಡಲಿ, ನೋವಿನಲ್ಲಿ ಬಂದವನನ್ನು ಹಾಗೆ ಕಾಯಿಸುವುದು ಸರಿಯಲ್ಲ ಎಂದೇ ನಮ್ಮ ನಂಬಿಕೆ.

ಪಾಲ್ಪಾಕ್ಕೇ ಹೋಗುವವರು ತಾನ್ಸೇನ್ ಮಿಷನ್ ಆಸ್ಪತ್ರೆಯ ಚರಿತ್ರೆ ತಿಳಿದಿರಬೇಕು. ರಾಣಾಗಳ ಆಡಳಿತ 1951ರಲ್ಲಿ ಕೊನೆಗೊಂಡ ಮೇಲೆ ನೇಪಾಳ ಹೊರಗಿನವರಿಗೆ ಬಾಗಿಲು ತೆರೆಯಿತು. 1954ರಲ್ಲಿ ಹಲವು ಮಿಷನ್‌ಗಳು ಕೂಡಿ ಯುನೈಟೆಡ್ ಮಿಷನ್ ಟು ನೇಪಾಳ್ ಕಟ್ಟಿ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡವು. ಆಸ್ಪತ್ರೆ, ಶಾಲೆ, ಆಮೇಲೆ ತಾಂತ್ರಿಕ ತರಬೇತಿ, ಸಣ್ಣ ವಿದ್ಯುತ್ ಯೋಜನೆ ನಡೆಸಬಹುದು, ಮತಾಂತರಕ್ಕೆ ಕೈಹಾಕಬಾರದು ಎಂಬುದೇ ಷರತ್ತು. ಅವರು ಅದನ್ನು ಪಾಲಿಸಿದರು. ಮತ ಬದಲಿಸಿದ ನೇಪಾಳಿಗೇ ಒಂದು ವರ್ಷ ಜೈಲು ಇದ್ದ ಆ ದಶಕಗಳಲ್ಲಿ ಸಭೆ ಬೆಳೆದದ್ದು ನೇಪಾಳಿಗಳ ಕೈಯಲ್ಲಿ, ಡಾರ್ಜಿಲಿಂಗ್ ಕಡೆಯಿಂದ ಮರಳಿದ ವಿಶ್ವಾಸಿಗಳ ಕೈಯಲ್ಲಿ. ಹೊರಗಿನವರು ಗಾಯಕ್ಕೆ ಹೊಲಿಗೆ ಹಾಕಿದರು, ಹೆರಿಗೆ ಮಾಡಿಸಿದರು. ಹತ್ತು ದಿನದ ತಂಡ ಆ ನಂಬಿಕೆಯ ಮೇಲೆ ನಿಂತು ಕೆಲಸ ಮಾಡುತ್ತದೆ. ಅದನ್ನು ಕೆಡಿಸುವ ಹಕ್ಕು ಅದಕ್ಕಿಲ್ಲ.

ಇನ್ನು ಕಾಲ. ನಮ್ಮ ದಸರಾ ರಜೆ ಅವರ ದಸೈಂ ಹಬ್ಬ. ವರ್ಷದಲ್ಲೇ ದೊಡ್ಡ ಹಬ್ಬ, ದೂರದ ಊರಲ್ಲಿ ದುಡಿಯುವವರೆಲ್ಲ ಮನೆಗೆ ಬಂದಿರುತ್ತಾರೆ. ಹಿರಿಯರಿಂದ ಹಣೆಗೆ ಟೀಕಾ ಇಡಿಸಿಕೊಳ್ಳುವ, ದೇವಿಗೆ ಬಲಿ ಕೊಡುವ ದಿನಗಳು. ಹೊಸದಾಗಿ ಕ್ರೈಸ್ತರಾದವರ ಮನೆಗಳಲ್ಲಿ ಟೀಕಾ ಇಡಿಸಿಕೊಳ್ಳಬೇಕೋ ಬೇಡವೋ ಎಂಬ ತಿಕ್ಕಾಟ ಜೋರಾಗುವುದೂ ಆಗಲೇ. ಅಂಥ ವಾರದಲ್ಲಿ ಹನ್ನೆರಡು ಜನ ಪರದೇಶದ ಕ್ರೈಸ್ತರು ಹಳ್ಳಿಗೆ ಇಳಿದರೆ ಉರಿಯುವ ಒಲೆಗೆ ಸೌದೆ ಇಟ್ಟಂತೆ. ಬಸ್ಸು ತುಂಬಿ ತುಳುಕುತ್ತದೆ, ಕಚೇರಿಗಳಿಗೆ ರಜೆ, ಆಸ್ಪತ್ರೆಗಳಲ್ಲಿ ಸಿಬ್ಬಂದಿ ಕಡಿಮೆ. ಮಳೆಗಾಲವೂ ಬೇಡ, ಬುಟ್ವಲ್‌ನಿಂದ ತಾನ್ಸೇನ್‌ಗೆ ಏರುವ ಸಿದ್ಧಬಾಬಾ ಭಾಗದಲ್ಲಿ ಗುಡ್ಡ ಜರಿಯುತ್ತದೆ. ಗುಡ್ಡ ಜರಿದರೆ ಏನಾಗುತ್ತದೆಂದು ಕೊಡಗಿನ 2018ರ ಮಳೆ, ಭೂಕುಸಿತ ಕಂಡ ನಿಮಗೆ ಹೇಳಬೇಕಿಲ್ಲ. ನವೆಂಬರ್ ಕೊನೆ ಅಥವಾ ಫೆಬ್ರವರಿ ಒಳ್ಳೆಯದು.

ಹನ್ನೆರಡು ಜನ ಬೇಡ, ನಾಲ್ಕು ಸಾಕು. ಒಂದೇ ಬಣ್ಣದ ಟೀಶರ್ಟು ಬೇಡ. ಗುರುತಿಗೆ ಪಾಸ್‌ಪೋರ್ಟ್ ಅಥವಾ ಮತದಾರರ ಚೀಟಿ ಬೇಕು. ಆಧಾರ್ ನಡೆಯುವುದು 15ಕ್ಕಿಂತ ಚಿಕ್ಕವರಿಗೆ, 65 ದಾಟಿದವರಿಗೆ ಮಾತ್ರ. ಸುನೌಲಿಯಲ್ಲಿ ಯಾರೂ ಕೇಳದೆ ಬಿಟ್ಟಾರು, ಕಾಠ್ಮಂಡುವಿನಿಂದ ವಿಮಾನ ಹತ್ತುವಾಗ ತಡೆಯುತ್ತಾರೆ. ವಾರದ ರಜೆ ಶನಿವಾರವಾದ್ದರಿಂದ ಹೆಚ್ಚಿನ ಸಭೆಗಳ ಆರಾಧನೆ ಶನಿವಾರ. ಅಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ಅವರೊಂದಿಗೆ ಹಾಡಿ. ವೇದಿಕೆಗೆ ಕರೆದರೆ ವಂದನೆ ಹೇಳಿ ಇಳಿದುಬನ್ನಿ.

ಪ್ರಶ್ನೆ: ನಮ್ಮದು ಸಣ್ಣ ಕಾಫಿ ತೋಟ. ಹುರಿಯುವುದು, ಸವಿ ನೋಡಿ ದರ್ಜೆ ಹೇಳುವುದು ಕಲಿತಿದ್ದೇನೆ. ನೇಪಾಳದಲ್ಲಿ ಒಂದು ಕಾಫಿ ಅಂಗಡಿ ಇಟ್ಟುಕೊಂಡು, ಅದನ್ನು ನೆಪವಾಗಿಸಿ ಸುವಾರ್ತಾ ಸೇವೆ (ಯೇಸುವಿನ ಸಂದೇಶ ಸಾರುವುದು) ಮಾಡಬಹುದೇ? — ಸುಂಟಿಕೊಪ್ಪ

ಉತ್ತರ: ನೆಪಕ್ಕಾದರೆ ಬೇಡ. ನಿಜವಾದ ಕಾಫಿ ಕೆಲಸಕ್ಕಾದರೆ ಖಂಡಿತ ಹೋಗಿ.

ನೆಪದ ಅಂಗಡಿ ಹೇಗೆ ಸಿಕ್ಕಿಬೀಳುತ್ತದೆ ಎಂದರೆ, ಗಿರಾಕಿಯಿಲ್ಲ, ಬೆಳಗ್ಗೆ ಹನ್ನೊಂದಕ್ಕೆ ಬಾಗಿಲು, ವಾರದಲ್ಲಿ ಮೂರು ಸಂಜೆ ಒಳಗಿಂದ ಹಾಡು, ತಿಂಗಳ ಬಾಡಿಗೆ ಮಾತ್ರ ತಪ್ಪದೆ ಸಲ್ಲುತ್ತದೆ. ಎದುರಿನ ದಿನಸಿ ಅಂಗಡಿಯವರು ಇದನ್ನೆಲ್ಲ ನೋಡುತ್ತಿರುತ್ತಾರೆ. ಇವರಿಗೆ ಹಣ ಎಲ್ಲಿಂದ ಬರುತ್ತದೆ ಎಂಬ ಮಾತು ಒಮ್ಮೆ ಹುಟ್ಟಿತೆಂದರೆ ನೀವು ನಿಜವನ್ನೇ ಹೇಳಿದರೂ ಯಾರೂ ನಂಬುವುದಿಲ್ಲ. ಸತ್ಯವನ್ನು ಸಾರಲು ಹೋದವರು ಅಲ್ಲಿ ಇರುವುದಕ್ಕೇ ಸುಳ್ಳು ಕಾರಣ ಕೊಟ್ಟರೆ ಅದು ಮೊದಲು ಸುವಾರ್ತೆಗೇ ಅವಮಾನ. ಬೈಬಲಿನಲ್ಲಿ ಬರುವ ಅಪೊಸ್ತಲ ಪೌಲನು ಕೊರಿಂಥ ಪಟ್ಟಣದಲ್ಲಿ ಅಕ್ವಿಲ, ಪ್ರಿಸ್ಕಿಲ್ಲರೊಂದಿಗೆ ಗುಡಾರ ಹೊಲಿದದ್ದು ನೆಪಕ್ಕಲ್ಲ, ಅದು ಅವನ ಕಸುಬು. ಅವನ ಹೊಟ್ಟೆ ತುಂಬುತ್ತಿದ್ದದ್ದು ಅದರಿಂದಲೇ.

ಬಂಡವಾಳದ ಲೆಕ್ಕ ನೋಡಿ. 2022ರಲ್ಲಿ ನೇಪಾಳ ವಿದೇಶಿ ಹೂಡಿಕೆಯ ಕನಿಷ್ಠ ಮಿತಿಯನ್ನು 5 ಕೋಟಿಯಿಂದ 2 ಕೋಟಿ ನೇಪಾಳಿ ರೂಪಾಯಿಗೆ ಇಳಿಸಿತು. ನಮ್ಮ 100 ರೂಪಾಯಿಗೆ ಅವರ 160ರ ಲೆಕ್ಕದಲ್ಲಿ ಅದು 1.25 ಕೋಟಿ. ನಾಲ್ಕು ಮೇಜಿನ ಅಂಗಡಿಗೆ ಅಷ್ಟು ಯಾರು ಹಾಕುತ್ತಾರೆ? ಹಾಗಾಗಿ ಸ್ಥಳೀಯ ವಿಶ್ವಾಸಿಯ ಹೆಸರಿನಲ್ಲಿ ಅಂಗಡಿ ಮಾಡಿ ಹಣ ನಾವು ಹಾಕುವುದು ಎಂಬ ದಾರಿ ಹಿಡಿಯುತ್ತಾರೆ. ಬೇನಾಮಿ ವ್ಯವಹಾರ ಅದು. ಕೊನೆಗೆ ಸಂಬಂಧ ಹಳಸುತ್ತದೆ, ಇಲ್ಲವೇ ತೆರಿಗೆಯವರು ಬಂದು ಆ ಬಡವನನ್ನು ಹಿಡಿಯುತ್ತಾರೆ.

ನಿಮಗೆ ಸರಿಹೊಂದುವ ದಾರಿ ಬೇರೆ ಇದೆ. ಗುಲ್ಮಿ, ಪಾಲ್ಪಾ ಬೆಟ್ಟಗಳಲ್ಲಿ ಸಣ್ಣ ಹಿಡುವಳಿದಾರರು ಅರೇಬಿಕಾ ಬೆಳೆಯುತ್ತಾರೆ. ಅವರಿಗೆ ಬೇಕಿರುವುದು ನಿಮ್ಮ ಕೈಯಲ್ಲಿದೆ: ಹಣ್ಣಾದದ್ದನ್ನು ಮಾತ್ರ ಬಿಡಿಸುವುದು, ಅದೇ ದಿನ ಪಲ್ಪಿಂಗ್ ಮಾಡಿ ಹಣ್ಣಿನ ಸಿಪ್ಪೆ ಬಿಡಿಸುವುದು, ಅಂಟು ಹೋಗುವಷ್ಟೇ ಹೊತ್ತು ನೆನೆಹಾಕಿ ತೊಳೆಯುವುದು, ಪಾರ್ಚ್‌ಮೆಂಟನ್ನು (ಹೊಟ್ಟು ಸಮೇತದ ಬೀಜವನ್ನು) ಶೇ. 10–11 ತೇವಕ್ಕೆ ಬರುವವರೆಗೆ ಎತ್ತರದ ಜಾಲರಿಯ ಮೇಲೆ ಒಣಗಿಸುವುದು. ನೆಲದ ಮೇಲೆ ಒಣಗಿಸಿ, ಅರ್ಧ ಒಣಗಿದ್ದನ್ನೇ ಚೀಲಕ್ಕೆ ತುಂಬಿ ಬೂಷ್ಟು ಹಿಡಿಸಿಕೊಂಡು ಬೆಲೆ ಕಳೆದುಕೊಳ್ಳುವವರು ಅಲ್ಲೂ ಇದ್ದಾರೆ, ಇಲ್ಲೂ ಇದ್ದಾರೆ. ಅಲ್ಲಿ ನೋಂದಣಿಯಾದ ಕಾಫಿ ಕಂಪನಿಗೋ ಸಹಕಾರ ಸಂಘಕ್ಕೋ ಸಂಬಳದ ಮೇಲೆ ಸೇರಿ. ಕರಾರು ಬರಹದಲ್ಲಿರಲಿ, ತೆರಿಗೆ ಕಟ್ಟಿ, ಕೆಲಸದ ಸಮಯ ಕಂಪನಿಯದ್ದು. ಕೊಯ್ಲು ಎರಡೂ ಕಡೆ ಒಂದೇ ಕಾಲಕ್ಕೆ ಬರುವುದರಿಂದ ಮನೆಯ ತೋಟಕ್ಕೆ ಆ ತಿಂಗಳುಗಳಲ್ಲಿ ಯಾರು ಎಂಬುದನ್ನು ಹೊರಡುವ ಮೊದಲೇ ಅಣ್ಣತಮ್ಮಂದಿರೊಂದಿಗೆ ಇತ್ಯರ್ಥ ಮಾಡಿಕೊಳ್ಳಿ. ಎಷ್ಟೋ ಜನ ಒಂದೇ ವರ್ಷಕ್ಕೆ ಮರಳುವುದು ಕಾನೂನಿಗೆ ಹೆದರಿ ಅಲ್ಲ, ಈ ಕಾರಣಕ್ಕೆ.

ಯಾರಾದರೂ ನಿಮ್ಮ ನಂಬಿಕೆ ಏನೆಂದು ಕೇಳಿದರೆ ಮುಚ್ಚಿಡಬೇಡಿ, ನಾನು ಕ್ರೈಸ್ತ ಎಂದು ಹೇಳಿ. ಕೇಳದವರ ಬೆನ್ನು ಹತ್ತಬೇಡಿ.

ಪ್ರಶ್ನೆ: ನಮ್ಮ ಟ್ರಸ್ಟ್‌ನಿಂದ ನೇಪಾಳದ ಒಬ್ಬ ಸುವಾರ್ತಿಕರಿಗೆ ತಿಂಗಳ ಸಹಾಯ ಕಳುಹಿಸುತ್ತೇವೆ. ಹೋಗಿಬರುವವರ ಕೈಯಲ್ಲಿ ಕೊಟ್ಟು ಕಳುಹಿಸುವುದು ಅಭ್ಯಾಸ. ಆಡಿಟರ್ ಆಕ್ಷೇಪ ಎತ್ತಿದ್ದಾರೆ. ಸರಿಯಾದ ದಾರಿ ಯಾವುದು? — ಸೋಮವಾರಪೇಟೆ

ಉತ್ತರ: ಆಡಿಟರ್ ಹೇಳಿದ್ದು ಸರಿ. ವ್ಯಕ್ತಿಗಳು ಹೊರದೇಶಕ್ಕೆ ಹಣ ಕಳುಹಿಸಲು ಇರುವ ರಿಸರ್ವ್ ಬ್ಯಾಂಕಿನ ಉದಾರೀಕೃತ ಸೌಲಭ್ಯ ಟ್ರಸ್ಟ್‌ಗಳಿಗೆ ಅನ್ವಯಿಸುವುದಿಲ್ಲ. ನೇಪಾಳಕ್ಕೆಂದೇ ಇರುವ ಎನ್‌ಇಎಫ್‌ಟಿ ಮೂಲಕದ ರವಾನೆಯಲ್ಲಿ ಒಂದು ಸಲಕ್ಕೆ 2 ಲಕ್ಷ ರೂಪಾಯಿವರೆಗೆ ಕಳುಹಿಸಬಹುದು. ಅದೂ ಮುಖ್ಯವಾಗಿ ವ್ಯಕ್ತಿಯಿಂದ ವ್ಯಕ್ತಿಗೆ. ಟ್ರಸ್ಟ್‌ನ ಹಣವನ್ನು ಖಜಾಂಚಿಯ ಸ್ವಂತ ಖಾತೆಗೆ ಹಾಕಿ ಅಲ್ಲಿಂದ ಕಳುಹಿಸಿದರೆ ಖಜಾಂಚಿ ಎರಡು ಕಡೆ ತಪ್ಪಿತಸ್ಥರಾಗುತ್ತಾರೆ. ಧರ್ಮಾರ್ಥ ಟ್ರಸ್ಟ್ ಭಾರತದ ಹೊರಗೆ ಖರ್ಚು ಮಾಡಿದ್ದಕ್ಕೆ ಕೇಂದ್ರ ನೇರ ತೆರಿಗೆ ಮಂಡಳಿಯ ಅನುಮತಿ ಇಲ್ಲದೆ ತೆರಿಗೆ ವಿನಾಯಿತಿಯೂ ಸಿಗದು. ವಿದೇಶಿ ದೇಣಿಗೆ ಕಾಯ್ದೆಯಡಿ ತೆರೆದ ಎಫ್‌ಸಿಆರ್‌ಎ ಖಾತೆಯ ಹಣವನ್ನಂತೂ ಮುಟ್ಟಲೇಬೇಡಿ. 2020ರ ತಿದ್ದುಪಡಿಯ ನಂತರ ಅದನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತೆಯೇ ಇಲ್ಲ. ಹುಂಡಿ, ಕೈಚೀಟಿ ವ್ಯವಹಾರ ವಿದೇಶಿ ವಿನಿಮಯ ಕಾನೂನಿಗೆ ವಿರುದ್ಧ.

ಇದೆಲ್ಲ ನಮ್ಮ ಕಡೆಯ ತೊಂದರೆ. ಅವರ ಕಡೆಯದ್ದು ಇದಕ್ಕಿಂತ ಭಾರ. ನೇಪಾಳದಲ್ಲಿ ಸಂಸ್ಥೆಯೊಂದು ಹೊರದೇಶದ ನೆರವು ಪಡೆಯಬೇಕಾದರೆ ಸಮಾಜ ಕಲ್ಯಾಣ ಪರಿಷತ್ತಿನ ಒಪ್ಪಿಗೆ ಬೇಕು. ಯಾವ ಒಪ್ಪಿಗೆಯೂ ಇಲ್ಲದೆ ಸುವಾರ್ತಿಕರೊಬ್ಬರಿಗೆ ಪ್ರತಿ ತಿಂಗಳೂ ಭಾರತದಿಂದ ಹಣ ಬರುತ್ತಿದ್ದರೆ, ದೂರು ದಾಖಲಾದ ದಿನ ಆ ಹಣದ ಪಟ್ಟಿಯೇ ‘ಹಣಕ್ಕಾಗಿ ಮತಾಂತರ’ ಎಂಬ ಆರೋಪಕ್ಕೆ ಆಧಾರ. ಅವರ ಸಭೆಯವರೂ ಕಾಣಿಕೆ ಕೊಡುವುದು ನಿಲ್ಲಿಸುತ್ತಾರೆ, ಭಾರತದವರು ಕೊಡುತ್ತಾರಲ್ಲ ಎಂದು.

ಕ್ರಮವಾಗಿ ಮಾಡಬಹುದಾದದ್ದು ಒಂದಿದೆ. ಆ ಸಭೆಯಿಂದ ಯಾರಾದರೂ ಭಾರತದಲ್ಲಿ ಓದಲು ಬಂದರೆ, ಅದು ದೇವಶಾಸ್ತ್ರವಿರಲಿ ನರ್ಸಿಂಗ್ ಇರಲಿ, ಶುಲ್ಕವನ್ನು ಇಲ್ಲಿನ ಕಾಲೇಜಿಗೆ ನೇರವಾಗಿ ಚೆಕ್ ಮೂಲಕ ಕಟ್ಟಿ, ರಶೀದಿ ಇಟ್ಟುಕೊಳ್ಳಿ. ಖರ್ಚು ಭಾರತದಲ್ಲೇ ಆಗುತ್ತದೆ. ಟ್ರಸ್ಟ್‌ನ ಉದ್ದೇಶಗಳಲ್ಲಿ ಶಿಕ್ಷಣ ನಮೂದಾಗಿದೆಯೇ ಎಂದು ಮೊದಲು ಡೀಡ್ ತೆಗೆದು ನೋಡಿ. ಈಗ ಪಡೆಯುತ್ತಿರುವವರಿಗೆ ಏಕಾಏಕಿ ನಿಲ್ಲಿಸಬೇಡಿ. ಅವರ ಸಭೆಯ ಹಿರಿಯರೊಂದಿಗೆ ಮಾತಾಡಿ, ಒಂದು ಗಡುವು ಇಟ್ಟುಕೊಂಡು, ಅಷ್ಟರೊಳಗೆ ಸ್ಥಳೀಯ ಕಾಣಿಕೆಯ ಮೇಲೆ ನಿಲ್ಲುವ ದಾರಿ ಮಾಡಿ.

ಪ್ರಶ್ನೆ: ಮಗ ಎಲೆಕ್ಟ್ರಿಷಿಯನ್ ಕೆಲಸಕ್ಕೆ ಸೌದಿ ಅರೇಬಿಯಾಕ್ಕೆ ಹೋಗುತ್ತಿದ್ದಾನೆ. ಕನ್ನಡ ಬೈಬಲ್, ಜಪಮಾಲೆ ಕೊಟ್ಟು ಕಳುಹಿಸಲೇ? ರೂಮಿನಲ್ಲಿ ಪ್ರಾರ್ಥನೆ ಮಾಡಿದರೆ ತೊಂದರೆಯೇ? — ಸಿದ್ದಾಪುರ

ಉತ್ತರ: ಕೊಡಿ ತಾಯಿ. ಸ್ವಂತ ಬಳಕೆಗೆ ಒಂದು ಬೈಬಲ್, ಒಂದು ಜಪಮಾಲೆ ಇಟ್ಟುಕೊಂಡವರನ್ನು ಸಾಮಾನ್ಯವಾಗಿ ತಡೆಯುವುದಿಲ್ಲ. ಎರಡನೇ ಪ್ರತಿ ಬೇಡ, ಕರಪತ್ರ ಬೇಡ, ಗೆಳೆಯರು ಯಾರಿಗಾದರೂ ಕೊಡು ಎಂದು ಕೊಟ್ಟ ಪೊಟ್ಟಣ ಬೇಡವೇ ಬೇಡ. ಬೈಬಲಿನ ಮೊದಲ ಪುಟದಲ್ಲಿ ಅವನ ಹೆಸರು ಬರೆಯಿರಿ, ಅವನದೇ ಎಂದು ಕಂಡೊಡನೆ ತಿಳಿಯಲಿ. ಜಪಮಾಲೆ ಪೆಟ್ಟಿಗೆಯಲ್ಲಿರಲಿ. ಶಿಲುಬೆಯ ಸರವನ್ನು ಅಂಗಿಯ ಮೇಲೆ ಕಾಣುವಂತೆ ಹಾಕದಿರಲಿ.

ಸೌದಿಯಲ್ಲಿ ಚರ್ಚ್ ಒಂದೂ ಇಲ್ಲ. ಮುಸ್ಲಿಮೇತರರ ಬಹಿರಂಗ ಆರಾಧನೆಗೆ ಅವಕಾಶವಿಲ್ಲ. ತನ್ನ ಕೋಣೆಯೊಳಗೆ ತಾನು ಪ್ರಾರ್ಥಿಸುವುದನ್ನು ಸರ್ಕಾರ ತಡೆಯುವುದಿಲ್ಲ. ಧಾರ್ಮಿಕ ಪೊಲೀಸರಿಗೆ ಇದ್ದ ಬಂಧಿಸುವ ಅಧಿಕಾರವನ್ನು 2016ರಲ್ಲಿ ತೆಗೆದ ಮೇಲೆ ಮೊದಲಿನಷ್ಟು ಬಿಗಿ ಇಲ್ಲ, ಆದರೆ ಕಾನೂನು ಸಡಿಲವಾಯಿತೆಂದು ಭಾವಿಸುವುದು ತಪ್ಪು. ಕಂಪನಿಯ ಕ್ಯಾಂಪಿನಲ್ಲಿ ಒಂದು ಕೋಣೆಗೆ ನಾಲ್ಕಾರು ಜನ ಇರುತ್ತಾರೆ. ಜೊತೆಗಿರುವವರ ನಿದ್ದೆಗೆ, ನಮಾಜಿಗೆ ಅಡ್ಡಿಯಾಗದ ಹೊತ್ತು ನೋಡಿ ಮೌನವಾಗಿ ಪ್ರಾರ್ಥಿಸಲಿ. ಗೋಡೆಗೆ ಚಿತ್ರ ಅಂಟಿಸುವುದು, ಗಿಟಾರ್ ಹಿಡಿದು ಹಾಡುವುದು, ‘ಶುಕ್ರವಾರ ಕೂಟ’ ಎಂದು ವಾಟ್ಸಾಪ್ ಗುಂಪು ಕಟ್ಟುವುದು, ಇವು ತೊಂದರೆ ತರುವ ಬಗೆಗಳು. ಹೆಚ್ಚಿನ ದೂರುಗಳು ಹುಟ್ಟುವುದು ಧರ್ಮದ್ವೇಷದಿಂದಲ್ಲ, ಗದ್ದಲದಿಂದ ಅಥವಾ ಕೆಲಸದ ಜಗಳದಿಂದ.

ಅವನ ಗುರುತಿನ ಚೀಟಿಯಾದ ಇಕಾಮಾದಲ್ಲಿ ಧರ್ಮ ನಮೂದಾಗಿರುತ್ತದೆ. ಮೆಕ್ಕಾ ನಗರಕ್ಕೆ ಮುಸ್ಲಿಮೇತರರು ಹೋಗುವಂತಿಲ್ಲ. ಕಂಪನಿಯ ಗಾಡಿಯಲ್ಲಿ ಆ ಕಡೆ ಕೆಲಸಕ್ಕೆ ಕಳುಹಿಸಿದರೆ ಮೇಸ್ತ್ರಿಗೆ ಮೊದಲೇ ಹೇಳಲಿ. ಮುಸ್ಲಿಮೇತರರು ತಿರುಗಬೇಕಾದ ರಸ್ತೆಗೆ ಫಲಕ ಇದೆ. ರಂಜಾನ್ ತಿಂಗಳಲ್ಲಿ ಹಗಲು ಬಹಿರಂಗವಾಗಿ ತಿನ್ನುವುದು, ಕುಡಿಯುವುದು, ಸಿಗರೇಟು ಸೇದುವುದು ಕೂಡದು. ಊರಲ್ಲಿ 2018ರ ಮಳೆಯಂಥ ಅನಾಹುತವಾದಾಗ ಕ್ಯಾಂಪಿನಲ್ಲಿ ಚಂದಾ ಎತ್ತುವ ಮನಸ್ಸು ಬರುತ್ತದೆ. ಪರವಾನಗಿ ಇಲ್ಲದೆ ಹಣ ಕೂಡಿಸುವುದು ಅಲ್ಲಿ ಅಪರಾಧ. ಅವನ ಸಂಬಳದಿಂದ ಅವನು ಮನೆಗೆ ಕಳುಹಿಸಿದರೆ ಸಾಕು.

ಕೆಲಸ ದಮ್ಮಾಮ್, ಖೋಬರ್ ಕಡೆಯಾದರೆ ಒಂದು ಸಮಾಧಾನವಿದೆ. ಅಲ್ಲಿಂದ ಬಹ್ರೈನ್‌ಗೆ 25 ಕಿಲೋಮೀಟರಿನ ಸಮುದ್ರ ಸೇತುವೆ. ಬಹ್ರೈನ್‌ನ ಅವಾಲಿಯಲ್ಲಿ 2021ರಲ್ಲಿ ತೆರೆದ ಅರೇಬಿಯಾದ ಮಾತೆಯ ಮಹಾದೇವಾಲಯವಿದೆ, ಮನಾಮಾದಲ್ಲಿ ಹಳೆಯ ಪವಿತ್ರ ಹೃದಯದ ದೇವಾಲಯ. ಕ್ರಿಸ್ಮಸ್, ಈಸ್ಟರ್‌ಗೆ ಹೋಗಿಬರಲು ಸೌದಿಯಿಂದ ಎಕ್ಸಿಟ್ ರೀ-ಎಂಟ್ರಿ ವೀಸಾ, ಬಹ್ರೈನ್‌ನ ವೀಸಾ ಎರಡೂ ಬೇಕು.

ಹತ್ತನೇ ತರಗತಿ ಪಾಸಾಗದಿದ್ದರೆ ಅವನ ಪಾಸ್‌ಪೋರ್ಟ್ ಇಸಿಆರ್ ವರ್ಗದ್ದು, ಅಂದರೆ ಹೊರಡುವ ಮೊದಲು ವಲಸೆ ತಪಾಸಣೆ ಬೇಕಾದದ್ದು. ಸರ್ಕಾರದ ಇ-ಮೈಗ್ರೇಟ್ ಜಾಲತಾಣದ ಮೂಲಕ ವಲಸೆ ಅನುಮತಿ, 10 ಲಕ್ಷದ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ನೋಂದಾಯಿತ ಏಜೆಂಟರು ಸೇವಾಶುಲ್ಕವಾಗಿ 30,000 ರೂಪಾಯಿ ಹಾಗೂ ಜಿಎಸ್‌ಟಿ ಬಿಟ್ಟು ಹೆಚ್ಚು ಕೇಳುವಂತಿಲ್ಲ.

ಪ್ರಶ್ನೆ: ಕತಾರ್‌ನಲ್ಲಿ ನರ್ಸ್ ಆಗಿದ್ದೇನೆ. ರೋಗಿಯೊಬ್ಬರು ನನಗಾಗಿ ಪ್ರಾರ್ಥಿಸು ಎಂದು ಕೇಳಿದರು. ಏನು ಮಾಡಬೇಕಿತ್ತು? — ಗೋಣಿಕೊಪ್ಪ ಮೂಲದವರು

ಉತ್ತರ: ‘ಆಗಲಿ, ನಿಮ್ಮನ್ನು ನೆನೆಯುತ್ತೇನೆ’ ಎಂದು ಹೇಳಿ, ಮನೆಗೆ ಹೋಗಿ ಪ್ರಾರ್ಥಿಸುವುದು. ಅದು ಸುಳ್ಳೂ ಅಲ್ಲ, ಅಪರಾಧವೂ ಅಲ್ಲ. ಹಾಸಿಗೆಯ ಪಕ್ಕ ನಿಂತು ಕೈಯಿಟ್ಟು ಯೇಸುವಿನ ಹೆಸರಿನಲ್ಲಿ ಗಟ್ಟಿಯಾಗಿ ಪ್ರಾರ್ಥಿಸುವುದು ಬೇರೆ. ಪಕ್ಕದ ಹಾಸಿಗೆಯವರು, ಸಂಜೆ ಬರುವ ಮಗ, ಅದನ್ನು ಕಂಡ ಸಹೋದ್ಯೋಗಿ, ಯಾರು ಹೇಗೆ ಅರ್ಥ ಮಾಡಿಕೊಂಡಾರು ಎಂಬುದು ನಿಮ್ಮ ಕೈಯಲ್ಲಿಲ್ಲ. ರೋಗಿಯೇ ಕೇಳಿದ್ದು ಎಂದು ಆಮೇಲೆ ಸಾಬೀತು ಮಾಡುವುದು ಕಷ್ಟ, ನೋವಿನಲ್ಲಿ ಕೇಳಿದ್ದು ಅವರಿಗೇ ಮರೆತಿರುತ್ತದೆ.

ಕತಾರ್ ಕಾನೂನಿನಲ್ಲಿ ಇಸ್ಲಾಂ ಅಲ್ಲದ ಧರ್ಮವನ್ನು ಸ್ವಂತವಾಗಿ ಪ್ರಚಾರ ಮಾಡಿದರೆ 5 ವರ್ಷದವರೆಗೆ, ಸಂಸ್ಥೆಯ ಪರವಾಗಿ ಮಾಡಿದರೆ 10 ವರ್ಷದವರೆಗೆ ಜೈಲು. ಪ್ರಚಾರದ ಬರಹ, ಧ್ವನಿಮುದ್ರಿಕೆ ಇಟ್ಟುಕೊಂಡರೆ 2 ವರ್ಷ, 10,000 ರಿಯಾಲ್ ದಂಡ. ಮೊಬೈಲಿನಲ್ಲಿ ಇರುವುದನ್ನೂ ಒಮ್ಮೆ ಪರಿಶೀಲಿಸಿಕೊಳ್ಳಿ. ಊರಿನ ಗುಂಪುಗಳಿಂದ ಬರುವ ಫಾರ್ವರ್ಡ್‌ಗಳಲ್ಲಿ ಇತರ ಧರ್ಮವನ್ನು ಹಳಿಯುವ ವಿಡಿಯೋಗಳಿದ್ದರೆ ಅಳಿಸಿ, ಆ ಗುಂಪಿನಿಂದ ಹೊರಗೆ ಬನ್ನಿ. ಆರಾಧನೆಗೆ ದೋಹಾದ ಮೆಸೈಮೀರ್‌ನಲ್ಲಿ ಸರ್ಕಾರವೇ ಜಾಗ ಕೊಟ್ಟ ಚರ್ಚ್ ಸಮುಚ್ಚಯವಿದೆ. 2008ರಲ್ಲಿ ತೆರೆದ ಕಥೋಲಿಕ ದೇವಾಲಯವೂ ಅಲ್ಲೇ ಇದೆ.

ಪ್ರಶ್ನೆ: ನಮ್ಮ ಸಭೆಯ ದಂಪತಿ ಇಂಥ ಒಂದು ದೇಶದಲ್ಲಿ ಸೇವೆಯಲ್ಲಿದ್ದಾರೆ. ಸಭಾ ಪತ್ರಿಕೆಯಲ್ಲಿ ಅವರ ಸುದ್ದಿ ಹಾಕದಿದ್ದರೆ ಜನ ಪ್ರಾರ್ಥಿಸುವುದು ಹೇಗೆ? ಹಾಕಿದರೆ ಅವರಿಗೆ ಅಪಾಯವೇ? — ಮಡಿಕೇರಿ

ಉತ್ತರ: 200 ಪ್ರತಿ ಅಚ್ಚಾಗಿ ಬೆಂಚುಗಳ ಮೇಲೆ ಉಳಿಯುತ್ತಿದ್ದ ಕಾಲ ಹೋಯಿತು. ಇಂದು ಪತ್ರಿಕೆಯ ಪಿಡಿಎಫ್ ಭಾನುವಾರ ಮಧ್ಯಾಹ್ನದೊಳಗೆ ವಾಟ್ಸಾಪಿನಲ್ಲಿ ಬೆಂಗಳೂರು, ದುಬೈ ಮುಟ್ಟಿರುತ್ತದೆ, ಆರಾಧನೆ ಯೂಟ್ಯೂಬಿನಲ್ಲಿ ನೇರಪ್ರಸಾರ. ಹೆಸರು ಟೈಪ್ ಮಾಡಿ ಹುಡುಕಿದರೆ ಅಲ್ಲಿನ ಅಧಿಕಾರಿಗೂ ಸಿಗುತ್ತದೆ. ಕನ್ನಡ ಯಾರಿಗೆ ಬರುತ್ತದೆ ಎಂಬ ಧೈರ್ಯ ಈಗ ನಡೆಯದು, ಫೋನೇ ಅನುವಾದ ಮಾಡಿಕೊಡುತ್ತದೆ. ನೇಪಾಳದ ಡೋಲ್ಪಾ ಜಿಲ್ಲಾ ನ್ಯಾಯಾಲಯ 2021ರಲ್ಲಿ ಒಬ್ಬ ಪಾಸ್ಟರಿಗೆ ಎರಡು ವರ್ಷ ಜೈಲು ವಿಧಿಸಿತು. ಅವರ ಮೊದಲ ಬಂಧನಕ್ಕೆ ಕಾರಣವಾದದ್ದು ಕೊರೋನಾ ಬಗ್ಗೆ ಮಾಡಿದ ಪ್ರಾರ್ಥನೆಯ ಒಂದು ವಿಡಿಯೋ.

ಇಂಥ ಒಂದು ಪ್ಯಾರಾ ಬಂದಿತೆನ್ನಿ: ‘ನಮ್ಮ ಸಭೆಯ ಇಂಥವರು, ಇಂಥ ಜಿಲ್ಲೆಯ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದುಕೊಂಡು ಈ ವರ್ಷ ಏಳು ಆತ್ಮಗಳನ್ನು ಕರ್ತನ ಬಳಿಗೆ ನಡೆಸಿದ್ದಾರೆ. ಚಿತ್ರದಲ್ಲಿ ದೀಕ್ಷಾಸ್ನಾನ ಪಡೆದವರು.’ ಇದರಲ್ಲಿ ಹೆಸರು, ಜಾಗ, ಉದ್ಯೋಗ, ಎಣಿಕೆ, ಮುಖ, ಐದೂ ಇವೆ. ದೂರುದಾರ ಬೇರೆ ಸಾಕ್ಷಿ ಹುಡುಕಬೇಕಿಲ್ಲ. ಹೆಚ್ಚು ಅಪಾಯ ಆ ಏಳು ಜನರಿಗೆ, ಅವರಿಗೆ ಮರಳಲು ಮಡಿಕೇರಿ ಇಲ್ಲ. ಅದನ್ನೇ ಹೀಗೆ ಬರೆಯಿರಿ: ‘ಹೊರದೇಶದಲ್ಲಿ ದುಡಿಯುತ್ತಿರುವ ನಮ್ಮ ದಂಪತಿಗೆ ಈ ಮಳೆಗಾಲದಲ್ಲಿ ಆಸ್ಪತ್ರೆಯ ಕೆಲಸ ವಿಪರೀತ. ಆರೋಗ್ಯಕ್ಕಾಗಿ, ಭಾಷೆ ಕಲಿಯುವ ತಾಳ್ಮೆಗಾಗಿ, ಮಕ್ಕಳ ಶಾಲೆಗಾಗಿ, ಅಲ್ಲಿನ ಗೆಳೆಯರಿಗಾಗಿ ಪ್ರಾರ್ಥಿಸಿ.’ ಒಂದು ಮಾತೂ ಸುಳ್ಳಲ್ಲ, ಪ್ರಾರ್ಥಿಸಲು ಸಾಕಷ್ಟಿದೆ.

ಫೋಟೋ ಬೇಕೆಂದರೆ ಬೆನ್ನು ತಿರುಗಿಸಿ ನಿಂತದ್ದು, ಕೈ, ಬೆಟ್ಟ. ಮಕ್ಕಳ ಯೂನಿಫಾರ್ಮ್, ಆಸ್ಪತ್ರೆಯ ಫಲಕ, ಬೈಕಿನ ನಂಬರು ಕಾಣಬಾರದು. ಫೋನಿನ ಫೋಟೋದಲ್ಲಿ ತೆಗೆದ ಸ್ಥಳದ ಗುರುತು ಅಡಗಿರುತ್ತದೆ. ಅದನ್ನು ತೆಗೆದುಹಾಕಿಯೇ ಡಿಟಿಪಿಗೆ ಕೊಡಿ. ವಿವರ ತಿಳಿಯಬೇಕಾದ ನಾಲ್ಕೈದು ಹಿರಿಯರಿದ್ದರೆ ಅವರನ್ನು ಕೂರಿಸಿ ಬಾಯಿಮಾತಿನಲ್ಲಿ ಹೇಳಿ. ನೇರಪ್ರಸಾರದ ದಿನ ಪ್ರಾರ್ಥನೆ ನಡೆಸುವವರಿಗೆ ಮೊದಲೇ ತಿಳಿಸಿ, ಉತ್ಸಾಹದಲ್ಲಿ ಹೆಸರು ಬಾಯಿಂದ ಬರುವುದು ಅಲ್ಲೇ. ಅಚ್ಚಿಗೆ ಹೋಗುವ ಮೊದಲು ಆ ಪ್ಯಾರಾವನ್ನು ದಂಪತಿಗೇ ಕಳುಹಿಸಿ, ಅವರು ಹೂಂ ಎಂದರೆ ಮಾತ್ರ ಹಾಕಿ. ಹಳೆಯ ಸಂಚಿಕೆಗಳು ಅಂತರಜಾಲದಲ್ಲಿದ್ದರೆ ಅವನ್ನೂ ಇಳಿಸಿ.

ಪ್ರಶ್ನೆ: ಜರ್ಮನಿಯಿಂದ ಕ್ರೈಸ್ತ ದಂಪತಿ ನಮ್ಮ ಹೋಂಸ್ಟೇಗೆ ಬರುತ್ತಿದ್ದಾರೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ ಕೆಲಸ ಮಾಡಿದ ಜಾಗ ನೋಡಬೇಕು, ನಮ್ಮ ಸಭೆಯಲ್ಲಿ ಮಾತಾಡಬೇಕು, ಬೈಲಕುಪ್ಪೆಯ ಟಿಬೆಟನ್ನರ ನಡುವೆ ಸೇವೆ ಮಾಡಬೇಕು ಎನ್ನುತ್ತಾರೆ. ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇರುವ ನಮ್ಮ ಸಂಬಂಧಿಯೂ ಜೊತೆಗಿರುತ್ತಾರೆ. — ಕುಶಾಲನಗರ

ಉತ್ತರ: ಹೊರಗಿನವರಿಗೆ ನಮ್ಮ ದೇಶವೂ ನಿಯಮವಿರುವ ದೇಶವೇ. ಪ್ರವಾಸಿ ವೀಸಾದಲ್ಲಿ ಬಂದವರು ಚರ್ಚಿಗೆ ಹೋಗಬಹುದು, ಆರಾಧನೆಯಲ್ಲಿ ಕೂರಬಹುದು, ಪ್ರಸಂಗ ಕೇಳಬಹುದು. ಧಾರ್ಮಿಕ ಸ್ಥಳದಲ್ಲಿ ಭಾಷಣ ಮಾಡುವುದು, ಮತಬೋಧನೆ, ಕರಪತ್ರ ಅಥವಾ ವಿಡಿಯೋ ಹಂಚುವುದು ಕೂಡದು. ಮಿಷನರಿ ಕೆಲಸಕ್ಕೆ ಬೇರೆಯೇ ವೀಸಾ ಇದೆ. ಒಸಿಐ ಕಾರ್ಡ್ ಇರುವವರೂ ಮಿಷನರಿ ಚಟುವಟಿಕೆಗೆ ವಿಶೇಷ ಅನುಮತಿ ಪಡೆಯಬೇಕೆಂದು 2021ರ ಮಾರ್ಚ್‌ನ ಕೇಂದ್ರದ ಅಧಿಸೂಚನೆ ಹೇಳುತ್ತದೆ. ಆದ್ದರಿಂದ ಸಭೆಯಲ್ಲಿ ಅವರನ್ನು ಎದ್ದು ನಿಲ್ಲಿಸಿ ಪರಿಚಯಿಸಿ, ಆರಾಧನೆ ಮುಗಿದ ಮೇಲೆ ಕಾಫಿಗೆ ಕೂರಿಸಿ ಮಾತಾಡಿ. ಪ್ರಸಂಗಪೀಠಕ್ಕೆ ಏರಿಸಬೇಡಿ, ‘ವಿದೇಶಿ ಬೋಧಕರಿಂದ ವಿಶೇಷ ಕೂಟ’ ಎಂದು ಬ್ಯಾನರ್ ಹಾಕಬೇಡಿ. ವೀಸಾ ರದ್ದಾಗಿ ಮತ್ತೆ ಬರಲಾಗದ ಸ್ಥಿತಿ ಅವರದ್ದಾಗುತ್ತದೆ, ಠಾಣೆಗೆ ಹೋಗಿ ವಿವರಣೆ ಕೊಡುವ ಕೆಲಸ ನಿಮ್ಮದಾಗುತ್ತದೆ. ಅವರು ಬಂದ 24 ಗಂಟೆಯೊಳಗೆ ವಿದೇಶಿ ಅತಿಥಿಗಳ ವಿವರವನ್ನು, ನಮ್ಮವರು ಸಿ-ಫಾರ್ಮ್ ಎನ್ನುವುದನ್ನು, ಆನ್‌ಲೈನಿನಲ್ಲಿ ಸಲ್ಲಿಸಿ. ಸಭೆಯ ಅತಿಥಿಗಳೆಂದು, ಬಾಡಿಗೆ ತೆಗೆದುಕೊಂಡಿಲ್ಲವೆಂದು ಇದನ್ನು ಬಿಡುವಂತಿಲ್ಲ.

ಬೈಲಕುಪ್ಪೆ ಹೊಳೆಯಾಚೆ ಮೈಸೂರು ಜಿಲ್ಲೆಗೆ ಸೇರಿದ್ದು. ಟಿಬೆಟನ್ ವಸತಿಯಲ್ಲಿ ವಿದೇಶಿಯರು ಉಳಿಯಬೇಕಾದರೆ ಗೃಹ ಸಚಿವಾಲಯದ ಸಂರಕ್ಷಿತ ಪ್ರದೇಶದ ಪರವಾನಗಿ ಬೇಕು. ಅದಕ್ಕೆ ವಾರಗಟ್ಟಲೆ ಅಲ್ಲ, ತಿಂಗಳುಗಟ್ಟಲೆ ಮೊದಲೇ ಅರ್ಜಿ ಹಾಕಬೇಕು. ಅಲ್ಲಿ ಧರ್ಮಪ್ರಚಾರದ ಯೋಚನೆಯನ್ನಂತೂ ಬಿಡುವಂತೆ ಹೇಳಿ. ದೇಶ ಬಿಟ್ಟು ಬಂದ ಆ ಜನ ತಮ್ಮ ಧರ್ಮವನ್ನು ಉಳಿಸಿಕೊಳ್ಳಲೆಂದೇ ಇಲ್ಲಿ ನೆಲೆ ಪಡೆದವರು, ನಮ್ಮ ನೆರೆಯವರು.

ಮಿಷನ್ ಚರಿತ್ರೆ ತೋರಿಸಲು ಕೊಡಗಿನಲ್ಲಿ ಬೇಕಾದಷ್ಟಿದೆ. 1843ರಲ್ಲಿ ಮಂಗಳೂರ ಸಮಾಚಾರ ಹೊರಡಿಸಿದ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಮುಂದಿನ ದಶಕದಲ್ಲಿ ಕೊಡಗಿಗೆ ಬಂದು, ನಮ್ಮ ಸಿದ್ದಾಪುರ–ಅಮ್ಮತ್ತಿ ಭಾಗದ ಆನಂದಪುರದಲ್ಲಿ ಸಭೆ ಕಟ್ಟಿದರು. ಮಡಿಕೇರಿ ಕೋಟೆಯೊಳಗೆ 1859ರ ಸೇಂಟ್ ಮಾರ್ಕ್ಸ್ ಚರ್ಚ್ ಇದೆ. ಅದು ಮಿಷನ್ನಿನದ್ದಲ್ಲ, ಇಂಗ್ಲಿಷರ ಕಾಲದ್ದು, ಈಗ ಸರ್ಕಾರಿ ವಸ್ತುಸಂಗ್ರಹಾಲಯ. ವಿರಾಜಪೇಟೆಯ ಸಂತ ಅನ್ನಮ್ಮ ದೇವಾಲಯವನ್ನು ತಪ್ಪದೆ ತೋರಿಸಿ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕೊಂಕಣಿ ಕ್ರೈಸ್ತರಿಗೆ ದೊಡ್ಡವೀರರಾಜೇಂದ್ರ ಜಾಗ ಕೊಟ್ಟು, 1792ರಲ್ಲಿ ನೆಲೆಯಾದ ದೇವಾಲಯ ಅದು. ಆನಂದಪುರಕ್ಕೆ ಮಳೆ ಇಲ್ಲದ ದಿನ ಬೆಳಗ್ಗೆಯೇ ಹೊರಡಿ, ಅಲ್ಲಿನ ಸಭಾಪಾಲಕರಿಗೆ ಮೊದಲೇ ತಿಳಿಸಿದ್ದರೆ ಬಾಗಿಲು ತೆರೆದಿಟ್ಟಿರುತ್ತಾರೆ.